ಸೋಪು ಎಲ್ಲಿದೆ ಅಂತ ಮೊದಲು ನೋಡಿ: ಶಾಲೆಯಲ್ಲಿ ಕಾಯಿಲೆ ಹರಡದಂತೆ ಮಕ್ಕಳಿಗೆ ಒಳ್ಳೆ ಅಭ್ಯಾಸ ಕಲಿಸುವ ಸಮಗ್ರ ಮಾರ್ಗದರ್ಶಿ

ಒಂದು ಲೆಕ್ಕದಿಂದ ಶುರು ಮಾಡೋಣ. ನಿಮ್ಮ ಶಾಲೆಯಲ್ಲಿ 120 ಮಕ್ಕಳಿದ್ದಾರೆ, ಕೈ ತೊಳೆಯೋಕೆ 4 ನಲ್ಲಿ ಇವೆ ಅಂದುಕೊಳ್ಳಿ. ಒಂದೊಂದು ನಲ್ಲಿಗೆ 30 ಮಕ್ಕಳು. ಸೋಪು ಹಚ್ಚಿ, ಉಜ್ಜಿ, ತೊಳೆಯೋಕೆ ಒಬ್ಬರಿಗೆ ಅರ್ಧ ನಿಮಿಷವಾದರೂ ಬೇಕು. ಅಂದರೆ ಕೊನೆಯ ಮಗುವಿನ ಸರದಿ ಮುಗಿಯೋಕೆ 15 ನಿಮಿಷ. ಅಷ್ಟರಲ್ಲಿ ಬಿಸಿಯೂಟದ ಸಾಂಬಾರಿನ ಘಮ ಮೂಗಿಗೆ ಬಡಿದಿರುತ್ತದೆ, ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಯಾವ ಮಗು ಕಾಯುತ್ತದೆ ಹೇಳಿ? ತಟ್ಟೆ ತೊಳೆಯುವಾಗ ಕೈಗೂ ಒಂಚೂರು ನೀರು ತೋರಿಸಿ ಓಡಿಬಿಡುತ್ತದೆ. "ಕೈ ತೊಳ್ಕೊಂಡೇನ್ಲಾ?" ಅಂದರೆ "ಹೂಂ ಮಿಸ್" ಅನ್ನುತ್ತದೆ. ಅದು ಸುಳ್ಳಲ್ಲ. ಅದರ ಪ್ರಕಾರ ತೊಳೆದಿದೆ.

ಮಂಡ್ಯ ಕಡೆಯ ಹಳ್ಳಿ ಶಾಲೆ ಇರಲಿ, ಮೈಸೂರಿನ ದೊಡ್ಡ ಶಾಲೆ ಇರಲಿ, ಕೈ ತೊಳೀಬೇಕು ಅಂತ ಗೊತ್ತಿಲ್ಲದ ಮಗು ಈಗ ಇಲ್ಲ. ಕೊರೋನಾ ಕಾಲದಲ್ಲಿ ಟಿವಿ, ಫೋನು, ಗೋಡೆ, ಎಲ್ಲಾ ಕಡೆ ಅದೇ ಹೇಳಿದ್ದಾಯಿತು. ಗೊತ್ತಿರೋದು ಅಭ್ಯಾಸ ಆಗಿಲ್ಲ, ಅಷ್ಟೇ. ಅಭ್ಯಾಸ ಆಗಬೇಕು ಅಂದರೆ ಸೋಪು ಮಗುವಿನ ಕೈಗೆ ಎಟುಕಬೇಕು, ನೀರು ಬರಬೇಕು, ನಾವು ಟೈಮ್ ಕೊಡಬೇಕು, ದಿನಾ ಅದೇ ಹೊತ್ತಿಗೆ ಮಾಡಿಸಬೇಕು. ಇಷ್ಟಾದರೆ ಭಾಷಣದ ಅಗತ್ಯ ಬಹಳ ಕಡಿಮೆ. ಟೀಚರ್‌ಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಮನೆಯಲ್ಲಿ ಮಕ್ಕಳನ್ನು ಸಾಕುತ್ತಿರುವ ಅಪ್ಪ ಅಮ್ಮ ಅಜ್ಜಿ, ಎಲ್ಲರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಮೊದಲು ಜಾಗ ಸರಿಮಾಡಿ

ಪಾಠ ಶುರು ಮಾಡುವ ಮುಂಚೆ ಶಾಲೆ ಸುತ್ತ ಒಂದು ಸುತ್ತು ಹಾಕಿ. ಒಂದನೇ ಕ್ಲಾಸಿನ ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ. ನಲ್ಲಿ ಅದರ ಕೈಗೆ ಎಟುಕುತ್ತಾ? ತಿರುಪೋಕೆ ಆಗುತ್ತಾ? ಸೋಪು ಎಲ್ಲಿದೆ? ಎಷ್ಟೋ ಕಡೆ ಸೋಪು ಆಫೀಸಿನ ಬೀರುವಿನಲ್ಲಿ ಭದ್ರವಾಗಿರುತ್ತದೆ, ಯಾರಾದರೂ ನೋಡೋಕೆ ಬಂದ ದಿನ ಹೊರಗೆ ಬರುತ್ತದೆ. ಹೊರಗಿಟ್ಟರೆ ಕಳೆದುಹೋಗುತ್ತೆ, ಮಣ್ಣಿಗೆ ಬೀಳುತ್ತೆ, ಕಾಗೆ ಎತ್ತಿಕೊಂಡು ಹೋಗುತ್ತೆ ಅನ್ನೋದೂ ನಿಜವೇ. ಅದಕ್ಕೆ ಎರಡು ದಾರಿ ಇವೆ.

ಒಂದು, ಈರುಳ್ಳಿ ಬೆಳ್ಳುಳ್ಳಿ ತುಂಬಿಸಿ ಕೊಡ್ತಾರಲ್ಲ, ಆ ಬಲೆ ಚೀಲದೊಳಗೆ ಸೋಪು ಹಾಕಿ ಬಾಯಿ ಕಟ್ಟಿ, ನಲ್ಲಿಗೇ ನೇತುಹಾಕಿ. ಬಲೆಯ ಮೇಲಿಂದಲೇ ಉಜ್ಜಿದರೆ ನೊರೆ ಬರುತ್ತದೆ. ಕೆಳಗೆ ಬೀಳಲ್ಲ, ಬೇಗ ಒಣಗುತ್ತದೆ.

ಇನ್ನೊಂದು, ನನಗೆ ಜಾಸ್ತಿ ಇಷ್ಟವಾದದ್ದು, ಸೋಪಿನ ನೀರಿನ ಬಾಟಲಿ. ಒಂದೂವರೆ ಲೀಟರ್ ನೀರಿಗೆ 30 ಗ್ರಾಂ ಸೋಪಿನ ಪುಡಿ ಹಾಕಿ ಕಲಕಿ, ಮುಚ್ಚಳಕ್ಕೆ ಮೊಳೆಯಲ್ಲಿ ಸಣ್ಣ ತೂತು ಮಾಡಿ. ಒತ್ತಿದರೆ ಚಿರ್ ಅಂತ ಕೈಮೇಲೆ ಬೀಳುತ್ತದೆ. ಪುಡಿಯಿಂದ ಮಕ್ಕಳ ಚರ್ಮ ಒಡೆಯುತ್ತೆ ಅನ್ನಿಸಿದರೆ ಲಿಕ್ವಿಡ್ ಹ್ಯಾಂಡ್‌ವಾಶ್ ಅನ್ನು ನೀರಲ್ಲಿ ತೆಳ್ಳಗೆ ಮಾಡಿಕೊಳ್ಳಿ. ಎರಡು ಮೂರು ದಿನಕ್ಕೊಮ್ಮೆ ಬಾಟಲಿ ಪೂರ್ತಿ ಖಾಲಿ ಮಾಡಿ, ತೊಳೆದು, ಹೊಸದಾಗಿ ತುಂಬಿ. ಹಳೆಯದರ ಮೇಲೇ ಸುರಿಯುತ್ತಾ ಹೋಗಬೇಡಿ. ಕುಡಿಯುವ ನೀರಿನ ಬಾಟಲಿ ಜೊತೆ ಗೊಂದಲ ಆಗದಂತೆ ಮೇಲೆ ದಪ್ಪಕ್ಷರದಲ್ಲಿ ಬರೆದು, ಚಿತ್ರವನ್ನೂ ಅಂಟಿಸಿ.

ಈಗ ಆ 15 ನಿಮಿಷದ ಲೆಕ್ಕಕ್ಕೆ ಬನ್ನಿ. ಮಕ್ಕಳು ಸಾಲಿನಲ್ಲಿ ನಿಂತಿರುವಾಗಲೇ ಒಬ್ಬ ದೊಡ್ಡ ಹುಡುಗಿ ಬಾಟಲಿ ಹಿಡಿದು ಎಲ್ಲರ ಅಂಗೈಗೂ ಸೋಪಿನ ನೀರು ಹಾಕುತ್ತಾ ಹೋಗಲಿ. ಕಾಯುವ ಹೊತ್ತಲ್ಲೇ ಉಜ್ಜೋ ಕೆಲಸ ಮುಗಿಯುತ್ತದೆ. ನಲ್ಲಿ ಹತ್ತಿರ ಬಂದಾಗ ಬರೀ ಜಾಲಿಸಿಕೊಳ್ಳೋದು. ಅದಕ್ಕೆ ತಲಾ 10 ಸೆಕೆಂಡ್ ಸಾಕು. 30 ಮಕ್ಕಳಿಗೆ 5 ನಿಮಿಷ. ನೀರೂ ಉಳಿಯುತ್ತದೆ, ತಳ್ಳಾಟವೂ ಕಡಿಮೆ. ಹೊಸ ನಲ್ಲಿ ಹಾಕಿಸೋಕೆ ದುಡ್ಡು ಬರಲಿ ಅಂತ ವರ್ಷಗಟ್ಟಲೆ ಕಾಯಬೇಕಿಲ್ಲ.

ನೀರಿನ ಪೈಪೇ ಇಲ್ಲದ ಕಡೆ, ಅಥವಾ ಕರೆಂಟು ಹೋಗಿ ಸಿಂಟೆಕ್ಸ್ ಖಾಲಿಯಾಗುವ ಕಡೆ, ಕಾಲಲ್ಲಿ ತುಳಿಯುವ ನಲ್ಲಿ ಮಾಡಿಕೊಳ್ಳಿ. ಎರಡು ಕವಲು ಕೋಲು ನೆಟ್ಟು ಅಡ್ಡಕ್ಕೊಂದು ಕೋಲಿಡಿ. ಅಡುಗೆ ಎಣ್ಣೆಯ 5 ಲೀಟರ್ ಕ್ಯಾನ್ ತೊಳೆದು, ಅದರ ಹಿಡಿಯೊಳಗೆ ಅಡ್ಡಕೋಲು ತೂರಿಸಿ ನೇತುಹಾಕಿ. ಮುಂಭಾಗದಲ್ಲಿ, ಬಾಯಿಯಿಂದ ನಾಲ್ಕು ಬೆರಳು ಕೆಳಗೆ, ಕಾಯಿಸಿದ ಮೊಳೆಯಿಂದ ಒಂದು ತೂತು ಮಾಡಿ, ತೂತಿನ ಮಟ್ಟಕ್ಕಿಂತ ಸ್ವಲ್ಪ ಕಡಿಮೆ ನೀರು ತುಂಬಿ. ಕ್ಯಾನಿನ ಕುತ್ತಿಗೆಗೆ ಕಟ್ಟಿದ ಹಗ್ಗವನ್ನು ನೆಲದ ಮೇಲಿನ ಇನ್ನೊಂದು ಕೋಲಿಗೆ ಕಟ್ಟಿ. ಆ ಕೋಲು ತುಳಿದರೆ ಕ್ಯಾನ್ ಬಾಗುತ್ತೆ, ನೀರು ಬೀಳುತ್ತೆ, ಕಾಲು ಎತ್ತಿದರೆ ನಿಲ್ಲುತ್ತೆ. ನಲ್ಲಿಯನ್ನು ಕೈಯಲ್ಲಿ ಮುಟ್ಟೋ ಮಾತೇ ಇಲ್ಲ. ಕೆಳಗೆ ಒಂದು ಬುಟ್ಟಿ ಜಲ್ಲಿ ಸುರಿದರೆ ಕೆಸರಾಗಲ್ಲ. ಒಂದು ಎಚ್ಚರಿಕೆ: ಗದ್ದೆಗೆ ಹೊಡೆಯುವ ಔಷಧಿ ಬಂದ ಕ್ಯಾನನ್ನು, ಎಷ್ಟೇ ತೊಳೆದಿದ್ದರೂ, ಮಕ್ಕಳ ಹತ್ತಿರ ತರಲೇಬೇಡಿ. ನಮ್ಮ ಕಡೆ ಮನೆಮನೆಯಲ್ಲೂ ಅಂಥ ಕ್ಯಾನ್ ಬಿದ್ದಿರುತ್ತವೆ, ಅದಕ್ಕೇ ಹೇಳುತ್ತಿದ್ದೇನೆ.

ಹೆಜ್ಜೆ 2: ಕಣ್ಣಿಗೆ ಕಾಣದ್ದನ್ನು ಅರಿಶಿನದಲ್ಲಿ ತೋರಿಸಿ

"ರೋಗಾಣು ಇದೆ" ಅಂದರೆ ಏಳು ವರ್ಷದ ಮಗು ತನ್ನ ಕೈ ನೋಡಿಕೊಳ್ಳುತ್ತದೆ. ಏನೂ ಕಾಣಲ್ಲ. ನಂಬೋದು ಹೇಗೆ?

ಒಂದು ಚಮಚ ಕೊಬ್ಬರಿ ಎಣ್ಣೆಗೆ ಸ್ವಲ್ಪ ಅರಿಶಿನ ಕಲಸಿ. ಒಂದು ಮಗುವಿನ ಎರಡೂ ಅಂಗೈಗೆ ತೆಳ್ಳಗೆ ಸವರಿ, "ಈಗ ಹೋಗಿ ಮಾಮೂಲಿ ಆಟ ಆಡು" ಅನ್ನಿ. ಹತ್ತು ನಿಮಿಷ ಬಿಡಿ. ಆಮೇಲೆ ಇಡೀ ಕ್ಲಾಸನ್ನು ಹುಡುಕೋಕೆ ಕಳಿಸಿ. ಬಾಗಿಲ ಚಿಲಕದ ಮೇಲೆ ಹಳದಿ, ಸೀಮೆಸುಣ್ಣದ ಡಬ್ಬಿ ಮೇಲೆ ಹಳದಿ, ಪಕ್ಕದವನ ಕೈಮೇಲೆ, ಇನ್ನೊಬ್ಬಳ ಕೆನ್ನೆ ಮೇಲೆ, ಆ ಮಗುವಿನದೇ ಮೂಗಿನ ತುದಿಯಲ್ಲಿ. ನಾನು ಮೂಗು ಮುಟ್ಟೇ ಇಲ್ಲ ಅಂತ ವಾದ ಮಾಡುವ ಮಗುವಿಗೆ ಕನ್ನಡಿ ಕೊಟ್ಟರೆ ಸಾಕು.

ಇನ್ನು ತೊಳೆಯುವ ಭಾಗ. ಮೊದಲು ಬರೀ ನೀರಲ್ಲಿ ತೊಳೆಯಲಿ. ಹಳದಿ ಹೋಗಲ್ಲ. ಆಮೇಲೆ ಮೈಸೋಪು ಹಚ್ಚಲಿ. ಇಲ್ಲಿ ಮಕ್ಕಳು ಕೂಗುತ್ತಾರೆ, ಯಾಕೆಂದರೆ ಸೋಪು ತಾಗಿದ ಕಡೆ ಅರಿಶಿನ ಕೆಂಪಗಾಗುತ್ತದೆ. ಆರತಿ ನೀರಿಗೆ ಅರಿಶಿನ ಸುಣ್ಣ ಕಲಸಿದಾಗ ಕೆಂಪಾಗುತ್ತಲ್ಲ, ಅದೇ ಕಾರಣ, ಸೋಪಿನಲ್ಲೂ ಕ್ಷಾರ ಇದೆ. ತೊಳೆದಾದ ಮೇಲೆ ಕೈ ಚಾಚಿಸಿ ನೋಡಿ. ಉಗುರಿನ ಅಂಚು, ಬೆರಳ ಸಂದಿ, ಹೆಬ್ಬೆರಳಿನ ಬುಡ, ಅಲ್ಲಿ ಹಳದಿ ಇಲ್ಲವೇ ಕೆಂಪು ಗೆರೆ ಉಳಿದಿರುತ್ತದೆ. ಅಲ್ಲಿ ಸರಿಯಾಗಿ ಉಜ್ಜಿಲ್ಲ ಅಂತ ಮಗುವೇ ಬೆರಳಿಟ್ಟು ತೋರಿಸುತ್ತದೆ. ಇದಾದ ಮೇಲೆ "ಚೆನ್ನಾಗಿ ಉಜ್ಜು" ಅನ್ನೋ ಮಾತಿಗೆ ಒಂದು ಅರ್ಥ ಬರುತ್ತದೆ. ಯೂನಿಫಾರ್ಮಿಗೆ ಕಲೆಯಾದರೆ ಗಾಬರಿ ಬೇಡ, ಒಗೆದು ಬಿಸಿಲಲ್ಲಿ ಒಣಗಿಸಿದರೆ ಅರಿಶಿನ ಮಾಸುತ್ತದೆ. ಆದರೂ ಮನೆಯವರಿಗೆ ಹಿಂದಿನ ದಿನ ಹೇಳಿಕಳಿಸಿ.

ನೀರಿನ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ಸೋಪಿನ ಬೆರಳು ಅದ್ದಿದಾಗ ಪುಡಿ ದೂರ ಓಡುವ ಆಟವನ್ನೂ ಎಷ್ಟೋ ಜನ ಮಾಡಿಸುತ್ತಾರೆ. ನೋಡೋಕೆ ಚೆಂದ. ಆದರೆ ಸೋಪು ಕಂಡ ಕೂಡಲೇ ರೋಗಾಣು ಓಡಿಹೋಗುತ್ತೆ, ಉಜ್ಜೋದೇ ಬೇಡ ಅಂತ ಮಕ್ಕಳು ತಿಳಿಯುತ್ತಾರೆ. ನನ್ನ ಆಯ್ಕೆ ಅರಿಶಿನವೇ.

ಸೋಪು ಏನು ಮಾಡುತ್ತೆ ಅಂತ ಕೇಳಿದರೆ ಸರಳವಾಗಿ ಹೇಳಿ. ಎಣ್ಣೆ ಜಿಡ್ಡಿನ ಬಾಣಲೆ ಬರೀ ನೀರಲ್ಲಿ ಹೋಗುತ್ತಾ? ಕೈಮೇಲೂ ಹಾಗೇ ಜಿಡ್ಡಿದೆ, ಕೊಳೆ ಮತ್ತು ರೋಗಾಣು ಅದಕ್ಕೆ ಅಂಟಿಕೊಂಡಿರುತ್ತವೆ. ಸೋಪು ಜಿಡ್ಡನ್ನು ಬಿಡಿಸುತ್ತದೆ, ನೀರು ಕೊಚ್ಚಿಕೊಂಡು ಹೋಗುತ್ತದೆ. ಕೊರೋನಾ, ಫ್ಲೂ ಥರದ ವೈರಸ್‌ಗಳ ಹೊರಗವಚವೇ ಕೊಬ್ಬಿನದ್ದು, ಅದನ್ನು ಸೋಪು ಒಡೆದೇಬಿಡುತ್ತದೆ.

ಹೆಜ್ಜೆ 3: ಹಾಡು ಹೇಳಿಸಿ, ಹೊತ್ತು ಗೊತ್ತುಮಾಡಿ

ಉಜ್ಜೋದು ಕಡೇಪಕ್ಷ 20 ಸೆಕೆಂಡ್ ಆಗಬೇಕು. ಮಕ್ಕಳಿಗೆ ಸೆಕೆಂಡ್ ಅಂದರೆ ತಿಳಿಯಲ್ಲ, ಹಾಡು ಅಂದರೆ ತಿಳಿಯುತ್ತೆ. ಆಡುತ್ತಾ ಹಾಡುತ್ತಾ ಕಲಿಸುವುದು ನಮ್ಮ ಕಡೆ ಹೊಸದೇನಲ್ಲ. ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿ ಶುರುವಾಗಿದ್ದೇ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಯುನಿಸೆಫ್ ನೆರವಿನಿಂದ. ಅದೇ ದಾರಿಯಲ್ಲಿ ಈ ಪುಟ್ಟ ಹಾಡನ್ನು ಹೇಳಿಸಿ, ಬೇಕಾದರೆ ನಿಮ್ಮದೇ ಸಾಲು ಸೇರಿಸಿ:

ಅಂಗೈ ಅಂಗೈ ಉಜ್ಜೋಣ
ಕೈ ಹಿಂಬದಿಯನೂ ತಿಕ್ಕೋಣ
ಬೆರಳಿನ ಸಂದಿ ಬಿಡಬೇಡ
ಹೆಬ್ಬೆರಳನ್ನು ಮರಿಬೇಡ
ಉಗುರಿನ ತುದಿಯ ಕೆರೆಯೋಣ
ಮಣಿಕಟ್ಟನ್ನೂ ತೊಳೆಯೋಣ

ನಿಧಾನಕ್ಕೆ ಎರಡು ಸಲ ಹೇಳಿದರೆ 20 ಸೆಕೆಂಡ್ ದಾಟುತ್ತದೆ. ಸಾಲು ಹೇಳಿದ ಹಾಗೆ ಕೈಯೂ ನಡೆಯಬೇಕು, ಬಾಯಲ್ಲಿ ಹಾಡಿ ಕೈ ಸುಮ್ನೆ ಇಟ್ಟುಕೊಳ್ಳೋದಲ್ಲ.

ಯಾವಾಗೆಲ್ಲಾ ತೊಳೀಬೇಕು ಅಂತ ಉದ್ದ ಪಟ್ಟಿ ಕೊಟ್ಟರೆ ಮಕ್ಕಳು ಒಂದನ್ನೂ ಇಟ್ಟುಕೊಳ್ಳಲ್ಲ. ಎರಡರಿಂದ ಶುರುಮಾಡಿ: ಊಟಕ್ಕೆ ಮುಂಚೆ, ಕಕ್ಕಸಿಗೆ ಹೋಗಿಬಂದ ಮೇಲೆ. ಇವೆರಡು ಗಟ್ಟಿಯಾಗಲಿ. ಒಂದು ತಿಂಗಳಾದ ಮೇಲೆ ಆಟ ಆಡಿ ಬಂದಾಗ, ಸೀನಿದ ಮೇಲೆ, ನಾಯಿ ಬೆಕ್ಕು ದನ ಮುಟ್ಟಿದ ಮೇಲೆ ಅಂತ ಸೇರಿಸುತ್ತಾ ಹೋಗಿ. ಕಬ್ಬಿನ ಸೀಸನ್‌ನಲ್ಲಿ ಇನ್ನೊಂದು ಸೇರಿಸಿ. ದಾರಿಯಲ್ಲಿ ಬಿದ್ದ ಜಲ್ಲೆ ಎತ್ತಿಕೊಂಡು ಹಲ್ಲಲ್ಲೇ ಸಿಪ್ಪೆ ಸುಲಿಯೋದು ನಮ್ಮ ಮಕ್ಕಳಿಗೆ ಹಬ್ಬ. ತಿನ್ನಬೇಡ ಅಂದರೆ ಕೇಳಲ್ಲ. ಜಲ್ಲೆ ತೊಳಿ, ಕೈ ತೊಳಿ, ಆಮೇಲೆ ತಿನ್ನು ಅನ್ನಿ. ನಾಲೆ ನೀರಲ್ಲಿ ತೊಳೆದರೆ ತೊಳೆದ ಹಾಗಲ್ಲ ಅನ್ನೋದನ್ನೂ ಸೇರಿಸಿ ಹೇಳಿ, ಆ ನೀರಲ್ಲಿ ದನ ಮೈ ತೊಳೆಸೋದನ್ನು ಅವರೇ ನೋಡಿರುತ್ತಾರೆ.

ತೊಳೆದ ಕೈ ಒಣಗಬೇಕು. ಒದ್ದೆ ಕೈಗೆ ರೋಗಾಣು ಬೇಗ ಅಂಟುತ್ತದೆ. ಇಡೀ ಕ್ಲಾಸಿಗೆ ಒಂದೇ ಟವಲ್ ನೇತುಹಾಕೋದು ಬೇಡ. ಅವರವರ ಕರ್ಚೀಫು, ಇಲ್ಲವೇ ಕೈ ಕೊಡವಿ ಗಾಳಿಗೆ ಹಿಡಿಯೋದು.

ಸ್ಯಾನಿಟೈಸರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನೀರಿಲ್ಲದ ಕಡೆ, ಸ್ಕೂಲ್ ವ್ಯಾನಿನಲ್ಲಿ, ಪರವಾಗಿಲ್ಲ. ಕಡೇಪಕ್ಷ 60% ಆಲ್ಕೋಹಾಲ್ ಇರಬೇಕು. ಮಣ್ಣು ಮೆತ್ತಿದ ಕೈಗೆ ಅದು ಕೆಲಸ ಮಾಡಲ್ಲ, ವಾಂತಿ ಭೇದಿ ತರುವ ಕೆಲವು ವೈರಸ್‌ಗಳ ಮೇಲೂ ಅಷ್ಟಾಗಿ ನಡೆಯಲ್ಲ. ಪುಟ್ಟ ಮಕ್ಕಳು ಬಾಯಿಗೆ ಹಾಕಿಕೊಂಡರೆ ಅಪಾಯ, ಆದ್ದರಿಂದ ದೊಡ್ಡವರ ಕೈಯಲ್ಲೇ ಇರಲಿ.

ದೊಡ್ಡ ಮಕ್ಕಳಿಗೆ, ಆರು ಏಳನೇ ಕ್ಲಾಸಿನವರಿಗೆ, ಹಾಡು ಹೇಳಿಸಿದರೆ ನಾಚಿಕೊಳ್ಳುತ್ತಾರೆ. ಅವರಿಗೆ ಕಾರಣ ಬೇಕು, ಕತೆ ಬೇಕು. 1847ರಲ್ಲಿ ವಿಯೆನ್ನಾದ ಒಂದು ಆಸ್ಪತ್ರೆಯಲ್ಲಿ ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದರು. ಹೆಣ ಕೊಯ್ದ ಕೈಯಲ್ಲೇ ಡಾಕ್ಟರುಗಳು ಹೆರಿಗೆ ಮಾಡಿಸುತ್ತಿದ್ದಾರೆ, ತೊಂದರೆ ಅಲ್ಲೇ ಇದೆ ಅಂತ ಗುರುತಿಸಿದವರು ಅಲ್ಲಿನ ಡಾಕ್ಟರ್ ಇಗ್ನಾಜ್ ಸೆಮ್ಮೆಲ್‌ವೈಸ್. ಕ್ಲೋರಿನ್ ಬೆರೆತ ಸುಣ್ಣದ ನೀರಲ್ಲಿ ಎಲ್ಲರೂ ಕೈ ತೊಳೆಯಬೇಕು ಅಂತ ಮಾಡಿದರು. ನೂರಕ್ಕೆ 18ರಷ್ಟಿದ್ದ ಸಾವು ಕೆಲವೇ ತಿಂಗಳಲ್ಲಿ 2ರ ಹತ್ತಿರಕ್ಕೆ ಇಳಿಯಿತು. ಆಗ ರೋಗಾಣು ಅಂದರೇನು ಅಂತಲೇ ಜನಕ್ಕೆ ಗೊತ್ತಿರಲಿಲ್ಲ! ನಮ್ಮ ಮೈಸೂರಿನದೂ ಹೇಳಿ. ಪ್ಲೇಗ್ ಬಂದು ಊರು ತತ್ತರಿಸಿದ ಮೇಲೆ, 1903ರಲ್ಲಿ, ಗಾಳಿ ಬೆಳಕು ಚರಂಡಿ ಇರುವ ಬಡಾವಣೆ ಕಟ್ಟೋಕೆ ಅಂತಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಹಳೇ ಬಡಾವಣೆಗಳಲ್ಲಿ ಮನೆ ಹಿಂದೆ ಕಸ, ಕಕ್ಕಸು ಸಾಗಿಸೋಕೆ ಬಿಟ್ಟಿದ್ದ ಕನ್ಸರ್ವೆನ್ಸಿ ಗಲ್ಲಿ ತೋರಿಸಿ ಈ ಮಾತು ಹೇಳಿದರೆ ಮಕ್ಕಳು ಕಿವಿ ನಿಮಿರಿಸಿ ಕೇಳುತ್ತಾರೆ.

ಹೆಜ್ಜೆ 4: ಕೆಮ್ಮು, ಸೀನು, ಗೊಣ್ಣೆ

ಅಂಗೈ ಅಡ್ಡ ಹಿಡಿದು ಕೆಮ್ಮೋದು ಮರ್ಯಾದೆ ಅಂತ ನಾವೇ ಕಲಿಸಿದ್ದೇವೆ. ಆದರೆ ಅದೇ ಅಂಗೈ ಮುಂದಿನ ಕ್ಷಣ ಗೆಳೆಯನ ಹೆಗಲ ಮೇಲೆ, ಬೆಂಚಿನ ಮೇಲೆ, ಪೆನ್ಸಿಲ್ ಮೇಲೆ. ಅದರ ಬದಲು ಮೊಣಕೈ ಮಡಿಚಿ ಅದರೊಳಗೆ ಕೆಮ್ಮೋದು, ಸೀನೋದು ಕಲಿಸಿ. ಪ್ರಾರ್ಥನೆ ಹೊತ್ತಲ್ಲಿ ದಿನಾ ಒಂದು ಸಲ "ಸೀನು ಬಂತು!" ಅಂತ ಕೂಗಿ, ಎಲ್ಲರೂ ತಟ್ಟನೆ ಮೊಣಕೈಗೆ ಮುಖ ಹಚ್ಚಲಿ. ಒಂದೆರಡು ವಾರದಲ್ಲಿ ನಿಜವಾದ ಸೀನು ಬಂದಾಗಲೂ ಕೈ ತಾನಾಗೇ ಏಳುತ್ತದೆ.

ಮೂಗು ಸೋರುವ ಮಗುವಿಗೆ ಬೈಯಬೇಡಿ. ಪುಟ್ಟ ಮಕ್ಕಳ ಅಂಗಿಗೆ ಕರ್ಚೀಫು ಪಿನ್ ಮಾಡಿ ಕಳಿಸುವ ಹಳೇ ಪದ್ಧತಿ ಬಹಳ ಒಳ್ಳೆಯದು, ಆದರೆ ದಿನಾ ಒಗೆದದ್ದು ಇರಬೇಕು. ಒಂದು ಮೂಗಿನ ಹೊಳ್ಳೆ ಒತ್ತಿ ಇನ್ನೊಂದರಿಂದ ಮೆಲ್ಲಗೆ ಸೀಟೋದನ್ನು ಕನ್ನಡಿ ಮುಂದೆ ಹೇಳಿಕೊಡಿ. ಎಷ್ಟೋ ಮಕ್ಕಳಿಗೆ ಅದು ಬರೋದೇ ಇಲ್ಲ, ಒಳಗೆಳೆದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಕೂರಿಸೋದು ನಮ್ಮ ವಾಡಿಕೆ. ಎರಚಲು ಬರದ ಕಡೆಯ ಕಿಟಕಿಯನ್ನಾದರೂ ತೆರೆದಿಡಿ, ಗಾಳಿ ಆಡಲಿ.

ಹೆಜ್ಜೆ 5: ಎಂಜಲು

ಕಾಗೆ ಎಂಜಲು ನೆನಪಿದೆಯಾ? ಕಂಬರಕಟ್ಟು ಮಿಠಾಯಿಯನ್ನು ಅಂಗಿ ಚುಂಗಿನೊಳಗಿಟ್ಟು ಹಲ್ಲಲ್ಲಿ ಕಚ್ಚಿ ಒಡೆದು, "ಎಂಜಲಲ್ಲ ಕಣೋ, ಬಟ್ಟೆ ಇತ್ತು" ಅಂತ ಹಂಚಿಕೊಳ್ಳೋದು. ಈಗಿನ ಮಕ್ಕಳೂ ಮಾಡುತ್ತಾರೆ, ಪ್ರೀತಿಯಿಂದ ಮಾಡುತ್ತಾರೆ. ಹಂಚಿಕೊಳ್ಳಬೇಡ ಅಂತ ಯಾವತ್ತೂ ಹೇಳಬೇಡಿ. ಆದರೆ ಅಂಗಿ ಚುಂಗಿನಲ್ಲಿ ಬೆಳಗಿನಿಂದ ಮೂಗು, ಕೈ, ಸ್ಲೇಟು ಎಲ್ಲಾ ಒರೆಸಿದ್ದಾಗಿದೆ, ಎಂಜಲೂ ಬಟ್ಟೆಯಲ್ಲಿ ತೂರಿ ಹೋಗುತ್ತೆ. ಕಾಗದದ ಸಮೇತ ಕಲ್ಲಲ್ಲಿ ಜಜ್ಜಿ ಹಂಚಿ ಅನ್ನಿ. ಹಂಚೋದೂ ಉಳಿಯುತ್ತೆ.

ನೀರು ಕುಡಿಯೋಕೆ ನಮ್ಮ ಹಿರಿಯರ ಅಭ್ಯಾಸವೇ ಸರಿ: ಕಚ್ಚಿ ಕುಡಿಯಬೇಡ, ಎತ್ತಿ ಕುಡಿ. ಪಕ್ಕದವರ ಬಾಟಲಿಯಾದರಂತೂ ಎತ್ತಿಯೇ ಕುಡಿಯಬೇಕು. ಸ್ಲೇಟಿಗೆ ಉಗುಳಿ ಒರೆಸೋದು, ಬೆರಳು ನೆಕ್ಕಿ ಪುಟ ತಿರುವೋದು, ಪೆನ್ಸಿಲ್ ಕಡಿಯೋದು, ಇವನ್ನು ಒಂದೊಂದಾಗಿ ಬಿಡಿಸಿ. ಸ್ಲೇಟಿಗೆ ಒದ್ದೆ ಸ್ಪಂಜು ಕೊಟ್ಟರೆ ಉಗುಳೋದು ಅವತ್ತೇ ನಿಲ್ಲುತ್ತೆ. ಪುಟ ತಿರುವೋದು ಬಿಡಿಸಬೇಕಾದರೆ ಮೊದಲು ನಾವು ಟೀಚರುಗಳು ಬಿಡಬೇಕು, ಮಕ್ಕಳು ನಮ್ಮನ್ನು ನೋಡಿಯೇ ಕಲಿತಿರೋದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎಂಜಲು, ಮುಟ್ಟಬೇಡ, ದೂರ ಕೂರು, ಈ ಮಾತುಗಳಿಗೆ ನಮ್ಮ ಊರುಗಳಲ್ಲಿ ಹಳೆಯ ನೋವಿನ ಅರ್ಥ ಇದೆ. ರೋಗಾಣುವಿನ ಪಾಠ ಯಾವ ಕಾರಣಕ್ಕೂ ಮೈಲಿಗೆಯ ಪಾಠ ಆಗಬಾರದು. ಯಾವ ಕೇರಿಯ ಮಗುವಾದರೂ, ಯಾವ ಮನೆಯ ಮಗುವಾದರೂ, ತೊಳೆಯದ ಕೈ ಒಂದೇ, ತೊಳೆದ ಕೈ ಒಂದೇ. "ಅವನ ಪಕ್ಕ ಕೂರಬೇಡ, ಅವನು ಗಲೀಜು" ಅಂತ ಒಂದು ಮಗು ಅಂದರೂ ಅಲ್ಲೇ ಪಾಠ ನಿಲ್ಲಿಸಿ ಮಾತಾಡಿ. ಬಡತನದಿಂದ ಬಟ್ಟೆ ಕೊಳೆಯಾಗಿರುವ ಮಗುವನ್ನು ಎದ್ದು ನಿಲ್ಲಿಸಿ ಉದಾಹರಣೆ ಮಾಡೋದಂತೂ ಮಹಾ ತಪ್ಪು. ಸೋಪು ಬಡಿಸುವ ಕೆಲಸ ಎಲ್ಲಾ ಮಕ್ಕಳಿಗೂ ಸರದಿಯಲ್ಲಿ ಬರಲಿ, ಕಕ್ಕಸು ತೊಳೆಯೋಕೆ ಯಾವ ಮಗುವನ್ನೂ ಕಳಿಸಬೇಡಿ.

ಹೆಜ್ಜೆ 6: ಉಗುರು, ಚಪ್ಪಲಿ, ಹುಳ

ಸೋಮವಾರ ಉಗುರು ನೋಡಿ. ಬೆಳೆದಿದ್ದರೆ ಹೊಡೆಯಬೇಡಿ, ಕ್ಲಾಸಿನಲ್ಲೇ ನೇಲ್ ಕಟರ್ ಇಟ್ಟಿರಿ. ಜಂತುಹುಳದ ಮೊಟ್ಟೆ ಉಗುರೊಳಗೆ ಕೂತು ಬಾಯಿಗೆ ಹೋಗುತ್ತವೆ. ಕೊಕ್ಕೆಹುಳ ಬರಿಗಾಲಿನ ಚರ್ಮದಿಂದಲೇ ಒಳಗೆ ಹೋಗುತ್ತದೆ, ಆದ್ದರಿಂದ ಕಕ್ಕಸಿಗೆ, ಬಯಲಿಗೆ ಚಪ್ಪಲಿ ಬೇಕೇಬೇಕು. ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳ ನಿವಾರಣಾ ದಿನದ ಸುಮಾರಿಗೆ ಶಾಲೆಯಲ್ಲೇ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ, ಅಗಿದು ನುಂಗಬೇಕು. ಅವತ್ತು ತಪ್ಪಿಸಿಕೊಂಡ ಮಕ್ಕಳಿಗೆ ಆಮೇಲೆ ಕೊಡುವ ದಿನವೂ ಇರುತ್ತದೆ, ಕೇಳಿ ಹಾಕಿಸಿ. 10 ಮತ್ತು 16 ವರ್ಷಕ್ಕೆ ಧನುರ್ವಾಯು, ಗಂಟಲುಮಾರಿ ತಡೆಯುವ ಟಿಡಿ ಚುಚ್ಚುಮದ್ದು ಇದೆ, ಅದನ್ನೂ ಮರೆಯಬೇಡಿ.

ಹೆಜ್ಜೆ 7: ಹುಷಾರಿಲ್ಲದ ಮಗು ಮನೆಯಲ್ಲಿರಲಿ

ಇದು ಎಲ್ಲಕ್ಕಿಂತ ಕಷ್ಟ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗಬೇಕು, ಅಪ್ಪ ಕಬ್ಬು ಕಡಿಯೋಕೆ. ಒಂದು ದಿನ ಮನೇಲಿದ್ದರೆ ಕೂಲಿ ಹೋಯಿತು. ಹಾಗಾಗಿ ಬೆಳಿಗ್ಗೆ ಜ್ವರದ ಸಿರಪ್ ಕುಡಿಸಿ ಶಾಲೆಗೆ ಕಳಿಸಿಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಜ್ವರ ಮತ್ತೆ ಏರುತ್ತೆ, ಅಷ್ಟರಲ್ಲಿ ಅಕ್ಕಪಕ್ಕ ಕೂತವರಿಗೂ ದಾಟಿರುತ್ತೆ. ಮನೆಯವರನ್ನು ಬೈದು ಪ್ರಯೋಜನವಿಲ್ಲ. ಜೂನ್ ತಿಂಗಳ ಸಭೆಯಲ್ಲೇ ಕೂತು ಮಾತಾಡಿ: ಮಗುವಿಗೆ ಹುಷಾರಿಲ್ಲದಿದ್ದರೆ ಯಾರು ನೋಡಿಕೊಳ್ಳುತ್ತಾರೆ, ಅಜ್ಜಿಯಾ, ಚಿಕ್ಕಮ್ಮನಾ, ಪಕ್ಕದ ಮನೆಯವರಾ? ಹೆಸರು, ಫೋನ್ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ.

ನಿಯಮ ಸರಳವಾಗಿರಲಿ. ಜ್ವರವಾದರೆ, ಮಾತ್ರೆ ಇಲ್ಲದೆಯೂ ಜ್ವರ ಬಿಟ್ಟು ಒಂದು ಪೂರ್ತಿ ದಿನ ಆಗಬೇಕು. ವಾಂತಿ ಭೇದಿಯಾದರೆ ನಿಂತ ಮೇಲೆ ಎರಡು ದಿನ. ಚಿಕನ್‌ಪಾಕ್ಸ್ ಆದರೆ ಗುಳ್ಳೆಗಳೆಲ್ಲಾ ಒಣಗಿ ಹಕ್ಕಳೆ ಕಟ್ಟುವ ತನಕ. ಅಮ್ಮ ಬಂದಿದೆ ಅಂತ ಬೇವಿನ ಸೊಪ್ಪು ಇಟ್ಟು ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳುವ ನಮ್ಮವರ ಪದ್ಧತಿ ಈ ವಿಷಯದಲ್ಲಿ ಸರಿಯಾಗೇ ಇದೆ, ಡಾಕ್ಟರಿಗೆ ತೋರಿಸೋದು ಬಿಡಬಾರದು ಅಷ್ಟೇ. ಮಂಗನಬಾವು ಆದರೆ ಊತ ಶುರುವಾದಾಗಿನಿಂದ 5 ದಿನ. ಮದ್ರಾಸ್ ಐ ಬಂದವರ ಕಣ್ಣು ನೋಡಿದರೆ ಅಂಟಲ್ಲ. ಕಣ್ಣುಜ್ಜಿದ ಕೈ, ಟವಲ್, ದಿಂಬಿನಿಂದ ಅಂಟುತ್ತೆ. ಕಪ್ಪು ಕನ್ನಡಕ ಹಾಕಿದರೆ ಸಾಕು ಅಂದುಕೊಳ್ಳಬೇಡಿ.

ಭೇದಿಯಾಗುವ ಮಗುವಿಗೆ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ, ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮಟ್ಟಸವಾಗಿ ಅಳೆದು ಹಾಕಿ, ಸ್ವಲ್ಪ ಸ್ವಲ್ಪ ಕುಡಿಸುತ್ತಾ ಇರಿ. ಮಗು ಮಂಕಾದರೆ, ಉಚ್ಚೆ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ.

ವರ್ಷಪೂರ್ತಿ ಒಂದು ದಿನವೂ ರಜೆ ಹಾಕದ ಮಗುವಿಗೆ ಪ್ರೈಜ್ ಕೊಡುವ ಪದ್ಧತಿ ಇದ್ದರೆ ದಯವಿಟ್ಟು ನಿಲ್ಲಿಸಿ. ಜ್ವರ ಬಂದರೂ ಶಾಲೆಗೆ ಬಾ ಅಂತ ನಾವೇ ಕರೆದ ಹಾಗಾಗುತ್ತೆ.

ಹೆಜ್ಜೆ 8: ಕೇಳಬೇಡಿ, ನೋಡಿ

ಅಭ್ಯಾಸ ಬಂದಿದೆಯಾ ಅಂತ ಮಕ್ಕಳನ್ನು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಸೋಪನ್ನು ನೋಡಿ. ಎರಡು ವಾರವಾದರೂ ಸೋಪಿನ ಮೇಲಿನ ಅಕ್ಷರ ಅಳಿಸಿಲ್ಲ ಅಂದರೆ ಯಾರೂ ಕೈ ತೊಳೆದಿಲ್ಲ. ಬಾಟಲಿ ದಿನಕ್ಕೊಂದು ಖಾಲಿಯಾಗುತ್ತಿದ್ದರೆ ಕೆಲಸ ನಡೆಯುತ್ತಿದೆ, ಇಲ್ಲವೇ ಯಾರೋ ಚೆಲ್ಲಾಡುತ್ತಿದ್ದಾರೆ, ಅದನ್ನೂ ನೋಡಿ. ಶಾಲಾ ಸಂಸತ್ತಿನ ಆರೋಗ್ಯ ಮಂತ್ರಿಗೆ ನಿಜವಾದ ಕೆಲಸ ಕೊಡಿ: ಬೆಳಿಗ್ಗೆ ಬಾಟಲಿ ತುಂಬಿಸೋದು, ನೀರಿದೆಯಾ ನೋಡೋದು, ಸೋಪು ಮುಗಿಯುತ್ತಾ ಬಂದರೆ ಹೆಡ್ ಮಾಸ್ಟರಿಗೆ ಹೇಳೋದು. ತಪ್ಪು ಮಾಡಿದವರ ಹೆಸರು ಬೋರ್ಡ್ ಮೇಲೆ ಬರೆಯುವ ಕೆಲಸ ಬೇಡ.

ಮನೆಗೂ ದಾಟಿಸಿ. ಮಗು ಮನೆಯಲ್ಲಿ "ಅಜ್ಜಿ, ಮುದ್ದೆ ಮುರಿಯೋಕೆ ಮುಂಚೆ ಸೋಪು ಹಾಕ್ಕೋ" ಅಂದರೆ ಅಜ್ಜಿ ಬೈಯಬಹುದು, ಆದರೆ ಕೇಳುತ್ತಾರೆ. ಬಚ್ಚಲಲ್ಲಿ ಮಾತ್ರ ಇರುವ ಸೋಪಿನ ಒಂದು ತುಂಡನ್ನು ಹಿತ್ತಲ ತೊಟ್ಟಿ ಹತ್ತಿರವೂ ಇಡಿ ಅಂತ ಮನೆಯವರಿಗೆ ಹೇಳಿ, ಅಷ್ಟು ಸಾಕು.

ದಸರಾ ರಜೆ ಮುಗಿಸಿ ಬಂದ ಮಕ್ಕಳು ಅರ್ಧ ಮರೆತಿರುತ್ತಾರೆ, ಅದು ಸಹಜ. 2008ರಿಂದ ಅಕ್ಟೋಬರ್ 15ನ್ನು ವಿಶ್ವ ಕೈತೊಳೆಯುವ ದಿನ ಅಂತ ಆಚರಿಸುತ್ತಾರೆ, ನಮಗೆ ಅದು ಎಷ್ಟೋ ಸಲ ರಜೆಯಲ್ಲೇ ಬಂದುಬಿಡುತ್ತದೆ. ಹಾಗಾದರೆ ಶಾಲೆ ತೆರೆದ ದಿನವೇ ಮಾಡಿ. ಹಿಂದಿನ ದಿನ ಯಾರಾದರೂ ಒಬ್ಬರು ಹೋಗಿ ಟ್ಯಾಂಕ್ ತೊಳೆಸಲಿ, ಕಟ್ಟಿಕೊಂಡ ಕ್ಯಾನಿನ ತೂತನ್ನು ಮೊಳೆಯಲ್ಲಿ ಬಿಡಿಸಲಿ, ಬಾಟಲಿಗೆ ಹೊಸ ಸೋಪಿನ ನೀರು ತುಂಬಲಿ, ಅರಿಶಿನ ಎಣ್ಣೆಯನ್ನೂ ಕಲಸಿಡಲಿ.